ದೇವರನ್ನು ನಂಬದವಳಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆ, ನಾಮಕರಣ, ಆಫೀಸಿನ ಕ್ಯಾಂಟೀನು, ರಾತ್ರಿ ಬಸ್ಸಿನ ಪಕ್ಕದ ಸೀಟು, ಎಲ್ಲಿ ಹೋದರೂ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಕಾಲೆಳೆಯೋಕೆ. ಉತ್ತರ ಇಬ್ಬರಿಗೂ ಒಂದೇ. ಇದರಲ್ಲಿರೋದು ನನ್ನ ಅಭಿಪ್ರಾಯ, ಯಾವ ಸಂಘದ ಪ್ರಣಾಳಿಕೆಯೂ ಅಲ್ಲ.

ಒಂದೇ ಮಾತಲ್ಲಿ ಹೇಳಿ, ದೇವರಿದ್ದಾನಾ ಇಲ್ವಾ?

ಗೊತ್ತಿಲ್ಲ. ಇದ್ದಾನೆ ಅನ್ನೋದಕ್ಕೆ ನನಗೆ ಸಾಲುವಷ್ಟು ಕಾರಣ ಸಿಕ್ಕಿಲ್ಲ, ಹಾಗಾಗಿ ಇಲ್ಲ ಅಂದುಕೊಂಡೇ ಬದುಕುತ್ತೇನೆ. ಹರಕೆ ಹೊರುವುದಿಲ್ಲ, ಜಾತಕ ತೋರಿಸುವುದಿಲ್ಲ, ರಾಹುಕಾಲ ನೋಡಿ ಮನೆಯಿಂದ ಹೊರಡುವುದಿಲ್ಲ.

ಹಾಗಾದ್ರೆ ನೀವು ನಾಸ್ತಿಕರಾ, ಅಜ್ಞೇಯವಾದಿನಾ?

ಎರಡೂ. ನಂಬುತ್ತೀಯಾ ಅಂದರೆ ಇಲ್ಲ, ಖಚಿತವಾಗಿ ಗೊತ್ತಾ ಅಂದರೆ ಅದೂ ಇಲ್ಲ. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಹಕ್ಸ್‌ಲಿ 1869ರಲ್ಲಿ ತನ್ನನ್ನು ಅಗ್ನಾಸ್ಟಿಕ್, ಅಂದರೆ ಅಜ್ಞೇಯವಾದಿ, ಅಂತ ಕರೆದುಕೊಂಡಾಗ ಹೇಳಲು ಹೊರಟಿದ್ದು ಇಷ್ಟೇ: ಆಧಾರ ಎಷ್ಟಿದೆಯೋ ಅಷ್ಟಕ್ಕೇ ನಿಲ್ಲು, ಮುಂದಕ್ಕೆ ಹೋಗಿ ಗೊತ್ತು ಅನ್ನಬೇಡ. ನಮ್ಮಲ್ಲಿ ಮಾತ್ರ ಇದು ಸ್ವಲ್ಪ ಮರ್ಯಾದೆಯ ಹೆಸರಾಗಿಬಿಟ್ಟಿದೆ. ಹುಡುಗಿ ನೋಡೋಕೆ ಹೋದಾಗ ಅಜ್ಞೇಯವಾದಿ, ಸ್ನೇಹಿತರ ನಡುವೆ ನಾಸ್ತಿಕ.

ಇನ್ನೊಂದು ಗುಂಪಿದೆ, ಇದೇ ಎಲ್ಲಕ್ಕಿಂತ ದೊಡ್ಡದು. "ದೇವರು ಗೀವರು ನಂಬಲ್ಲ, ಆದರೆ ಮೇಲೊಂದು ಶಕ್ತಿ ಇದೆ" ಅನ್ನುವವರು. ಅವರಿಗೆ ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ. ಆ ಶಕ್ತಿ ನಿಮ್ಮ ಮಗಳ ಸಿಇಟಿ ರ‍್ಯಾಂಕ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತದಾ? ಹೌದು ಅಂದರೆ ಅದು ನಿಮ್ಮ ಅಜ್ಜಿ ಪೂಜಿಸುತ್ತಿದ್ದ ದೇವರೇ. ಇಲ್ಲ ಅಂದರೆ ನಿಮಗೂ ನನಗೂ ದಿನನಿತ್ಯದ ಬದುಕಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ದೇವರಿಲ್ಲ ಅಂತ ಸಾಬೀತು ಮಾಡಿ ನೋಡೋಣ?

ಆಗುವುದಿಲ್ಲ. ಎಲ್ಲೂ ಕಾಣದ, ಯಾವ ಪರೀಕ್ಷೆಗೂ ಸಿಗದ, ಯಾವ ಗುಣವೂ ಇಲ್ಲದ ಒಂದು ಸಂಗತಿಯನ್ನು ಇಲ್ಲ ಅಂತ ತೋರಿಸೋದು ಹೇಗೆ?

ಆದರೆ ಅಂಥ ದೇವರಿಗೆ ಯಾರೂ ಮುಡಿ ಕೊಡುವುದಿಲ್ಲ ಅಲ್ವಾ. ಜನ ನಂಬೋದು ಕೆಲಸ ಮಾಡಿಕೊಡುವ ದೇವರನ್ನು, ವಿಭೂತಿ ಸೃಷ್ಟಿಸುವ ಬಾಬಾನನ್ನು, ಕಾಯಿಲೆ ವಾಸಿ ಮಾಡುವ ಪ್ರಾರ್ಥನೆಯನ್ನು. ಇವನ್ನು ಪರೀಕ್ಷೆ ಮಾಡಬಹುದು. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ಮೇಷ್ಟ್ರಾಗಿದ್ದ ಅಬ್ರಹಾಂ ಕೋವೂರ್ 1963ರಲ್ಲಿ ಸವಾಲು ಹಾಕಿದರು, ಮೋಸಕ್ಕೆ ಅವಕಾಶ ಇಲ್ಲದ ಕಡೆ ಪವಾಡ ಮಾಡಿ ತೋರಿಸಿದರೆ ಒಂದು ಲಕ್ಷ ರೂಪಾಯಿ ಅಂತ. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ದುಡ್ಡನ್ನು ಯಾರೂ ಗೆಲ್ಲಲಿಲ್ಲ.

ನಮ್ಮ ಎಚ್. ನರಸಿಂಹಯ್ಯನವರದ್ದು ಇನ್ನೂ ಹತ್ತಿರದ ಕಥೆ. ಗೌರಿಬಿದನೂರು ಕಡೆಯ ಹಳ್ಳಿಯ ಬಡ ಹುಡುಗ, ಭೌತಶಾಸ್ತ್ರ ಓದಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಕುರ್ಚಿಯಲ್ಲಿದ್ದಾಗಲೇ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸೋಕೆ ಒಂದು ಸಮಿತಿ ಮಾಡಿ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು: ಬನ್ನಿ, ನಮ್ಮ ಮುಂದೆ ಮಾಡಿ ತೋರಿಸಿ. ಬಾಬಾ ಬರಲಿಲ್ಲ. ಕುಲಪತಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ಆಗ ಬೈದವರೇ ಜಾಸ್ತಿ. ಇವತ್ತು ಯಾವ ಕುಲಪತಿ ಅಂಥ ಪತ್ರಕ್ಕೆ ಸಹಿ ಹಾಕುತ್ತಾರೆ ಹೇಳಿ. ನನ್ನ ಮಟ್ಟಿಗೆ ಕರ್ನಾಟಕದ ಅತಿ ಧೈರ್ಯದ ಪತ್ರಗಳಲ್ಲಿ ಅದೂ ಒಂದು.

ಇದೆಲ್ಲ ಪಶ್ಚಿಮದಿಂದ ಬಂದ ಗೀಳು ಅಲ್ವಾ?

ಹಕ್ಸ್‌ಲಿಗಿಂತ ಸಾವಿರಾರು ವರ್ಷ ಹಿಂದೆಯೇ ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ ಇದೇ ಅನುಮಾನವನ್ನು ಹೇಳಿಬಿಟ್ಟಿದೆ. ಈ ಸೃಷ್ಟಿ ಎಲ್ಲಿಂದ ಬಂತು ಅನ್ನೋದು ಮೇಲೆ ಕೂತು ನೋಡುತ್ತಿರುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದೆ ಇರಬಹುದು ಅಂತ ಅದು ಮುಗಿಯುತ್ತದೆ. ಬುದ್ಧನ ಕಾಲದಲ್ಲಿ ಸಂಜಯ ಬೇಲಟ್ಠಿಪುತ್ತ ಅನ್ನುವವನೊಬ್ಬ ಇದ್ದ. ಪರಲೋಕ ಇದೆಯಾ ಅಂದರೆ ಇದೆ ಅನ್ನಲ್ಲ, ಇಲ್ಲ ಅಂತಲೂ ಅನ್ನಲ್ಲ ಅನ್ನುತ್ತಿದ್ದ. ಬೌದ್ಧರು ಅವನನ್ನು ಗೇಲಿ ಮಾಡಿದರು, ಆದರೆ ಅವರು ಬರೆದಿಟ್ಟಿದ್ದರಿಂದಲೇ ಅವನು ನಮಗೆ ಸಿಕ್ಕಿದ್ದಾನೆ. ದೇವರು, ಪರಲೋಕ ಯಾವುದನ್ನೂ ಒಪ್ಪದ ಚಾರ್ವಾಕರ ಗತಿಯೂ ಅದೇ. ಅವರ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಹೆಚ್ಚಿನದು ಅವರನ್ನು ಖಂಡಿಸೋಕೆ ಅಂತ ವಿರೋಧಿಗಳು ಬರೆದದ್ದು. ಯಜ್ಞವನ್ನು ಅಷ್ಟು ಗಟ್ಟಿಯಾಗಿ ಸಮರ್ಥಿಸಿದ ಮೀಮಾಂಸಕರು ಕೂಡ ಅದಕ್ಕೊಬ್ಬ ಸೃಷ್ಟಿಕರ್ತ ಬೇಕು ಅನ್ನಲಿಲ್ಲ.

ಅಷ್ಟು ದೂರ ಯಾಕೆ, ಶ್ರವಣಬೆಳಗೊಳಕ್ಕೆ ಹೋಗಿ. ಜಗತ್ತನ್ನು ಯಾರೂ ಸೃಷ್ಟಿ ಮಾಡಿಲ್ಲ ಅಂತ ಹೇಳುವ ಧರ್ಮ ಜೈನರದ್ದು. ಅವರು ನಾಸ್ತಿಕರು ಅಂತ ನಾನು ಹೇಳುತ್ತಿಲ್ಲ, ಅವರಿಗೆ ಆತ್ಮ ಇದೆ, ಕರ್ಮ ಇದೆ, ಮೋಕ್ಷ ಇದೆ. ಸೃಷ್ಟಿಕರ್ತನಿಲ್ಲದ ಯೋಚನೆ ವಿಮಾನ ಹತ್ತಿ ಬಂದಿದ್ದಲ್ಲ ಅಂತ ಅಷ್ಟೇ.

ಬಸವಣ್ಣ, ಕುವೆಂಪು ಎಲ್ಲ ನಾಸ್ತಿಕರೇ ಅಲ್ವಾ?

ಅಲ್ಲ. ನಮ್ಮ ಕಡೆಯವರು ಮಾಡುವ ಈ ತಪ್ಪು ನನಗೆ ಸಿಟ್ಟು ತರಿಸುತ್ತದೆ. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜವಾದ ನಾಗರ ಕಂಡರೆ ಕೊಲ್ಲು ಅನ್ನುವ ಜನರನ್ನು ಬಸವಣ್ಣ ಟೀಕಿಸಿದ್ದು ನಿಜ. ಆದರೆ ಆ ಮನುಷ್ಯ ಕೂಡಲಸಂಗಮದೇವನನ್ನು ಕರೆಯದೆ ಒಂದು ವಚನ ಮುಗಿಸಲಿಲ್ಲ. ಅದು ಭಕ್ತನ ಸಿಟ್ಟು. ಕುವೆಂಪು ಪುರೋಹಿತಶಾಹಿಯನ್ನು ಜೀವನವಿಡೀ ಬೈದರು, ಹಾಗೇ ರಾಮಕೃಷ್ಣ ಆಶ್ರಮದ ಶಿವಾನಂದ ಸ್ವಾಮಿಗಳಿಂದ ದೀಕ್ಷೆಯನ್ನೂ ಪಡೆದಿದ್ದರು. ಇಬ್ಬರೂ ನಂಬಿದವರು, ನಂಬಿದ್ದರಿಂದಲೇ ಅಷ್ಟು ಗಟ್ಟಿಯಾಗಿ ಮಾತಾಡಿದವರು. ನಮ್ಮ ಪಕ್ಷಕ್ಕೆ ಜನ ಕಡಿಮೆ ಅಂತ ಅವರನ್ನು ಎಳೆದುಕೊಂಡು ಬರಬಾರದು.

ದೇವರ ಭಯ ಇಲ್ಲದಿದ್ದರೆ ಒಳ್ಳೆಯವರಾಗಿರೋದು ಹೇಗೆ?

ನಿಮಗೆ ದೇವರ ಭಯ ಹೋದರೆ ನಾಳೆ ಬೆಳಗ್ಗೆ ಪಕ್ಕದ ಮನೆಗೆ ಕನ್ನ ಹಾಕುತ್ತೀರಾ? ಹಾಕಲ್ಲ. ನಾನೂ ಹಾಕಲ್ಲ.

ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ತಡೆಯೋಕೆ ಕರ್ನಾಟಕ 1982ರಲ್ಲಿ ಕಾನೂನು ಮಾಡಿತು. ಎಲ್ಲಮ್ಮ ಮನಸ್ಸು ಬದಲಾಯಿಸಿಕೊಂಡಳು ಅಂತಲಾ ಮಾಡಿದ್ದು? ಇದು ತಪ್ಪು ಅಂತ ಮನುಷ್ಯರಿಗೆ ಅನಿಸಿತು, ಆಮೇಲೆ ದೇವಿಯ ಹೆಸರಿಂದ ಆ ಪದ್ಧತಿಯನ್ನು ಬೇರೆ ಮಾಡಿದರು. ಇವತ್ತಿನ ಭಕ್ತರು ಎಲ್ಲಮ್ಮನನ್ನೂ ಪೂಜಿಸುತ್ತಾರೆ, ಮುತ್ತು ಕಟ್ಟುವುದನ್ನೂ ವಿರೋಧಿಸುತ್ತಾರೆ. ಅಂದರೆ ಯಾವುದು ಸರಿ ಯಾವುದು ತಪ್ಪು ಅಂತ ತೂಗಿ ನೋಡುವ ಬುದ್ಧಿ ದೇವರ ಆಜ್ಞೆಗಿಂತ ಮೊದಲೇ ಕೆಲಸ ಮಾಡುತ್ತಿದೆ, ನಿಮ್ಮಲ್ಲೂ ನನ್ನಲ್ಲೂ.

ಕಷ್ಟ ಬಂದಾಗ ನೆನಪಾಗಲ್ವಾ?

ಆಗುತ್ತದೆ. ಐಸಿಯು ಹೊರಗೆ ಕೂತಾಗ "ಅಯ್ಯೋ ದೇವರೇ" ಅಂತ ಬಾಯಿಗೆ ಬರುತ್ತದೆ, ಚಿಕ್ಕಂದಿನಿಂದ ಬಂದ ಮಾತು ಅದು. ಅದನ್ನು ಹಿಡಿದುಕೊಂಡು ಸಿಕ್ಕಿಬಿದ್ದಳು ಅನ್ನುವವರಿಗೆ ನಾನೇನೂ ಹೇಳಲ್ಲ.

ನಂಬದವರಿಗೆ ನಿಜಕ್ಕೂ ಇರುವ ಕೊರತೆ ಬೇರೆ. ನಮ್ಮ ಸಂಪ್ರದಾಯಗಳಲ್ಲಿ ಸಾವಾದ ಮನೆಗೆ ಒಂದು ಕ್ರಮ ಇದೆ. ಇಂಥ ದಿನ ಇಂಥದ್ದು, ಯಾರು ಅಡುಗೆ ತರಬೇಕು, ಯಾರು ಬಂದು ಕೂರಬೇಕು, ಹನ್ನೊಂದನೇ ದಿನಕ್ಕೋ ಹದಿಮೂರನೇ ದಿನಕ್ಕೋ ಎಲ್ಲರೂ ಸೇರಿ ಎಲೆ ಹಾಕಿ ಉಂಡು ಮನೆಯವರನ್ನು ಮತ್ತೆ ಬದುಕಿನ ಕಡೆಗೆ ತಳ್ಳುವುದು. ಇದಕ್ಕೆ ಸಮನಾದ ಏನನ್ನೂ ನಾವು ಕಟ್ಟಿಕೊಂಡಿಲ್ಲ. ವಿಚಾರವಾದಿಗಳ ಮನೆಯ ಸಾವಿಗೆ ಒಂದು ಶ್ರದ್ಧಾಂಜಲಿ ಸಭೆ, ನಾಲ್ಕು ಭಾಷಣ, ಮುಗೀತು. ಮೂರನೇ ದಿನಕ್ಕೆ ಮನೆಯಲ್ಲಿ ಒಬ್ಬರೇ.

ಇನ್ನೊಂದು ಕಡೆ ನಮಗೆ ಒಂದು ಹಿಂಸೆ ತಪ್ಪಿದೆ. ಹುಟ್ಟಿನಿಂದಲೇ ತೊಂದರೆ ಇರುವ ಮಗುವಿನ ತಾಯಿಗೆ "ಯಾವ ಜನ್ಮದ ಪಾಪವೋ" ಅಂತ ಅನ್ನುತ್ತಾರಲ್ಲ, ಅದೂ ಸಮಾಧಾನ ಹೇಳುವ ಧಾಟಿಯಲ್ಲಿ. ಕರ್ಮದ ಲೆಕ್ಕ ನಂಬದವರು ಅಂಥ ಮಾತನ್ನು ಯಾರಿಗೂ ಹೇಳಬೇಕಿಲ್ಲ, ತಮಗೆ ತಾವೇ ಹೇಳಿಕೊಂಡು ರಾತ್ರಿಯಿಡೀ ಒದ್ದಾಡಬೇಕಾಗಿಯೂ ಇಲ್ಲ.

ಪ್ರಸಾದ ತಿಂತೀರಾ?

ತಿನ್ನುತ್ತೇನೆ. ಪುಳಿಯೋಗರೆ ಮೇಲೆ ನನಗೆ ಯಾವ ತಾತ್ವಿಕ ತಕರಾರೂ ಇಲ್ಲ.

ಆಫೀಸಿನ ಆಯುಧಪೂಜೆಗೆ ನಿಲ್ತೀರಾ?

ಕಂಪ್ಯೂಟರಿಗೆ ಕುಂಕುಮ ಹಚ್ಚಿ ಹಾರ ಹಾಕಿ ಕಡಲೆಪುರಿ ಹಂಚುವಾಗ ನಿಲ್ಲುತ್ತೇನೆ, ಮಂಗಳಾರತಿ ಬಂದರೆ ಸುಮ್ನೆ ಮುಂದಿನವರಿಗೆ ಬಿಡುತ್ತೇನೆ. ಯಾರೂ ಗಮನಿಸುವುದೂ ಇಲ್ಲ. ಆದರೆ ಹಾಜರಿ ತೆಗೆದುಕೊಂಡು ಕಡ್ಡಾಯ ಮಾಡಿದರೆ ಬರಲ್ಲ ಅಂತ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ಧರ್ಮ ಆಚರಿಸುವ ಸ್ವಾತಂತ್ರ್ಯಕ್ಕಿಂತ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ, ಅದರಲ್ಲಿ ನಂಬದಿರುವುದೂ ಸೇರಿದೆ. ಯಾವುದೇ ಧರ್ಮಕ್ಕೆ ಸೇರಿಲ್ಲ ಅನ್ನುವ ಹಕ್ಕು ಪ್ರಜೆಗಿದೆ, ಧರ್ಮ ಹೇಳು ಅಂತ ಸರ್ಕಾರ ಬಲವಂತ ಮಾಡುವಂತಿಲ್ಲ ಅಂತ ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ.

ನಿಮ್ಮ ಮನೆಯಲ್ಲಿ ದೀಪ ಹಚ್ಚೋರು ಯಾರು?

ಈ ಪ್ರಶ್ನೆಯನ್ನು ಗಂಡಸರಿಗೆ ಕೇಳುವುದಿಲ್ಲ ಅನ್ನೋದನ್ನು ಗಮನಿಸಿದ್ದೀರಾ?

ಗಂಡಸು ನಾಸ್ತಿಕನಾದರೆ ಓದಿಕೊಂಡವನು, ಯೋಚನೆ ಮಾಡುವವನು. ಹೆಂಗಸು ನಾಸ್ತಿಕಳಾದರೆ ಅಹಂಕಾರ. ನನಗೆ ಗೊತ್ತಿರುವ ಎಷ್ಟೋ ನಾಸ್ತಿಕ ಗಂಡಸರ ಮನೆಯಲ್ಲಿ ದೇವರ ಕೋಣೆ ಥಳಥಳ ಹೊಳೆಯುತ್ತಿರುತ್ತದೆ. ಹೆಂಡತಿ ಬೆಳಗ್ಗೆ ಎದ್ದು ಹೂ ಏರಿಸುತ್ತಾಳೆ, ಅಮ್ಮ ವರಮಹಾಲಕ್ಷ್ಮಿ ಕೂರಿಸುತ್ತಾರೆ, ಗೌರಿ ಹಬ್ಬಕ್ಕೆ ಬಾಗಿನ ಹೋಗುತ್ತದೆ, ಯಜಮಾನರು ಸೋಫಾದಲ್ಲಿ ಕೂತು ಇದೆಲ್ಲ ಮೂಢನಂಬಿಕೆ ಅಂತ ನಗುತ್ತಾ ಒಬ್ಬಟ್ಟು ತಿನ್ನುತ್ತಾರೆ. ಅವರ ನಾಸ್ತಿಕತೆಗೆ ಒಂದು ದಿನವೂ ಬೆಲೆ ಕಟ್ಟಬೇಕಾಗಿ ಬರಲಿಲ್ಲ, ಯಾಕೆಂದರೆ ಮನೆಯ ಪರವಾಗಿ ನಂಬುವ ಕೆಲಸವನ್ನು ಹೆಂಗಸರು ಮಾಡಿ ಮುಗಿಸಿರುತ್ತಾರೆ.

ಹೆಂಗಸು ನಂಬಲ್ಲ ಅಂದರೆ ಹಾಗಲ್ಲ. ನೈವೇದ್ಯಕ್ಕೆ ಯಾರು ಮಾಡಬೇಕು, ಮುತ್ತೈದೆಯರಿಗೆ ಅರಿಶಿನ ಕುಂಕುಮ ಯಾರು ಕೊಡಬೇಕು, ಮುಟ್ಟಾದಾಗ ಯಾಕೆ ಒಳಗೆ ಬಂದೆ, ಹಣೆ ಯಾಕೆ ಖಾಲಿ. ಮನೆಯ ಸೊಸೆ ದೀಪ ಹಚ್ಚದ ದಿನವೇ ಮಾವನಿಗೆ ಶುಗರ್ ಜಾಸ್ತಿ ಆದರೆ ಮುಗೀತು ಕಥೆ.

ಹಾಗಂತ ಹೆಂಗಸರಿಗೆ ಎಲ್ಲ ಬಿಟ್ಟುಬಿಡಿ ಅಂತ ಉಪದೇಶ ಮಾಡೋದೂ ಸುಲಭದ ಮಾತು. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆ ಆಯ್ತಲ್ಲ, ಶುರುವಿನಲ್ಲೇ ಬಸ್ಸುಗಳು ತುಂಬಿ ಹೋಗಿದ್ದು ಧರ್ಮಸ್ಥಳ, ಕುಕ್ಕೆ ಕಡೆಗೆ. ಭಕ್ತಿ ಇರಲಿಲ್ಲ ಅಂತ ಹೇಳಲ್ಲ. ಆದರೆ ಸುಮ್ನೆ ಊರು ನೋಡಿಕೊಂಡು ಬರುತ್ತೇನೆ ಅಂದರೆ ಎಷ್ಟು ಮನೆಯಲ್ಲಿ ಕಳಿಸುತ್ತಾರೆ? ದೇವಸ್ಥಾನಕ್ಕೆ ಅಂದರೆ ಯಾರೂ ಬೇಡ ಅನ್ನಲ್ಲ. ಭಜನಾ ಮಂಡಳಿಯೂ ಹಾಗೇ, ವಾರಕ್ಕೆ ಎರಡು ಗಂಟೆ ಅಡುಗೆಮನೆಯಿಂದ ಬಿಡುಗಡೆ, ನಾಲ್ಕು ಜನ ಗೆಳತಿಯರು, ಗಟ್ಟಿಯಾಗಿ ಹಾಡೋಕೆ ಅವಕಾಶ. ಇದನ್ನು ಕಿತ್ತುಕೊಂಡು ಬದಲಿಗೆ ಏನು ಕೊಡುತ್ತೀರಿ ಅಂತ ನಾಸ್ತಿಕ ಸ್ನೇಹಿತರನ್ನು ಕೇಳಿದರೆ ಪುಸ್ತಕದ ಹೆಸರು ಹೇಳುತ್ತಾರೆ.

(ನಮ್ಮ ಮನೆಯಲ್ಲಿ ದೀಪ ಹಚ್ಚುವವರು ನಮ್ಮತ್ತೆ. ಅವರಿಗೆ ಇಷ್ಟ, ಹಚ್ಚುತ್ತಾರೆ. ನಾನು ಎಣ್ಣೆ ತಂದುಕೊಡುತ್ತೇನೆ.)

ನಾಸ್ತಿಕರು ಜಾತಿ ಬಿಟ್ಟಿರ್ತಾರೆ ಅಲ್ವಾ?

ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ಇಡೀ ತಕರಾರು ಇರೋದು ಇಲ್ಲೇ. ದೇವರನ್ನು ಬಿಡೋದು ಸಲೀಸು, ತಲೆಯೊಳಗೆ ಆಗುವ ಕೆಲಸ. ಜಾತಿ ಬಿಡಬೇಕಂದರೆ ಮನೆ ಬಾಡಿಗೆ ಕೊಡುವಾಗ, ಅಡುಗೆಯವರನ್ನು ಇಟ್ಟುಕೊಳ್ಳುವಾಗ, ಮಗನ ಮದುವೆ ಮಾಡುವಾಗ ಕೈಯಾರೆ ಬಿಡಬೇಕು. ದೇವರನ್ನು ನಂಬದ, ಆದರೆ ಸಂಬಂಧ ಹುಡುಕುವಾಗ "ನಮ್ಮವರೇ ಆದರೆ ಹೊಂದಾಣಿಕೆ ಸುಲಭ" ಅನ್ನುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥವರ ಜೊತೆ ಸೃಷ್ಟಿಕರ್ತನ ಬಗ್ಗೆ ಚರ್ಚೆ ಮಾಡೋದರಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಬೇರೆ ಜಾತಿಯ ಸೊಸೆಯನ್ನು ಆರತಿ ಎತ್ತಿ ಒಳಗೆ ಕರೆದುಕೊಂಡ ಭಕ್ತೆ ಅವರಿಗಿಂತ ನನಗೆ ಹತ್ತಿರದವಳು.

ತಮಿಳುನಾಡಿನ ಪೆರಿಯಾರ್ ದೇವರು, ಜಾತಿ ಎರಡನ್ನೂ ಒಂದೇ ಏಟಿಗೆ ಹೊಡೆಯಲು ಹೊರಟರು. ಅಂಬೇಡ್ಕರ್ ಬೇರೆ ದಾರಿ ಹಿಡಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದಾಗ ಅವರು ಧರ್ಮವೇ ಬೇಡ ಅನ್ನಲಿಲ್ಲ, ಬ್ರಹ್ಮ ವಿಷ್ಣು ಮಹೇಶ್ವರರನ್ನು ದೇವರೆಂದು ನಂಬುವುದಿಲ್ಲ ಅಂತ ಪ್ರತಿಜ್ಞೆ ಮಾಡಿಸಿದರು. ಯಾವ ದೇವರು ಇದ್ದಾನೆ ಅನ್ನುವುದಕ್ಕಿಂತ ಯಾವ ದೇವಸ್ಥಾನದ ಬಾಗಿಲು ಯಾರಿಗೆ ಮುಚ್ಚಿದೆ ಅನ್ನೋದು ಅವರಿಗೆ ಮುಖ್ಯವಾಗಿತ್ತು.

ಅರ್ಜಿಯಲ್ಲಿ ಧರ್ಮ, ಜಾತಿ ಕಾಲಂಗೆ ಏನು ಬರೀತೀರಾ?

ಬಿಡಬಹುದಾದ ಕಡೆ ಬಿಡುತ್ತೇನೆ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಅಂತ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 29 ಲಕ್ಷ ಜನ, ದೇಶದ ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 0.24. ಅವರೆಲ್ಲ ನಾಸ್ತಿಕರು ಅಂತೇನಿಲ್ಲ.

ಆದರೆ ಜಾತಿ ಕಾಲಂ ಖಾಲಿ ಬಿಡಿ ಅಂತ ಎಲ್ಲರಿಗೂ ಹೇಳೋಕೆ ನನ್ನನ್ನು ಕರೆಯಬೇಡಿ. ಜಾತಿಯಿಂದ ಏನನ್ನೂ ಕಳೆದುಕೊಳ್ಳದವರಿಗೆ ಖಾಲಿ ಬಿಡೋದು ಸುಲಭ. ಪ್ರಮಾಣಪತ್ರ ತೋರಿಸಿ ಹಾಸ್ಟೆಲ್ ಸೀಟು ಪಡೆಯಬೇಕಾದ ಹುಡುಗಿ ಬರೆಯಲೇಬೇಕು, ಬರೆಯಲಿ.

ಮದುವೆ ಹೇಗೆ ಮಾಡ್ಕೊಳ್ಳೋದು?

ಎರಡು ದಾರಿ. ಒಂದು, 1954ರ ವಿಶೇಷ ವಿವಾಹ ಕಾಯ್ದೆ. ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು, ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಪ್ರಕಟವಾಗಿ 30 ದಿನ ಕಾಯಬೇಕು, ಮೂವರು ಸಾಕ್ಷಿಗಳ ಮುಂದೆ ಸಹಿ. ಆ 30 ದಿನವೇ ತಲೆನೋವು, ಮನೆಯವರ ವಿರೋಧ ಇದ್ದರೆ ಎಲ್ಲರಿಗೂ ವಿಷಯ ಗೊತ್ತಾಗುತ್ತದೆ.

ಇನ್ನೊಂದು, ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯ. ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ. ಪೂರ್ತಿ ನಾಸ್ತಿಕ ಮದುವೆ ಅಂತ ತಿಳಿಯಬೇಡಿ, ಅದರಲ್ಲಿ ವೇದೋಪನಿಷತ್ತಿನ ಸಾಲುಗಳಿವೆ. ಖರ್ಚು ಕಡಿಮೆ, ಮರ್ಯಾದೆ ಜಾಸ್ತಿ. ಆದರೆ ಒಂದು ಮಾತು. ಶಾಸ್ತ್ರಗಳು ನಡೆಯದೆ ಬರೀ ಪ್ರಮಾಣಪತ್ರ ಇದ್ದರೆ ಹಿಂದೂ ವಿವಾಹ ಕಾಯ್ದೆಯಡಿ ಅದು ಮದುವೆಯಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ತಮಿಳುನಾಡು 1967ರಲ್ಲೇ ಕಾನೂನು ತಿದ್ದುಪಡಿ ಮಾಡಿ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಕ್ಕೆ ಮಾನ್ಯತೆ ಕೊಟ್ಟಿತು, ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ ಮಂತ್ರ ಮಾಂಗಲ್ಯ ಮಾಡಿಕೊಂಡರೂ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳೋದು ಒಳ್ಳೇದು.

ಬರೀ ಹಿಂದೂಗಳನ್ನೇ ಯಾಕೆ ಟೀಕಿಸ್ತೀರಾ? ಬೇರೆ ಧರ್ಮದವರಿಗೆ ಹೇಳಿ ನೋಡೋಣ?

ಅಲ್ಲಾ, ಯೇಸು, ಶಿವ, ಮೂವರ ಬಗ್ಗೆಯೂ ನನ್ನ ಉತ್ತರ ಒಂದೇ. ಜಾಸ್ತಿ ಮಾತಾಡೋದು ನಾನು ಹುಟ್ಟಿ ಬೆಳೆದ ಮನೆಯ ಬಗ್ಗೆ, ಯಾಕೆಂದರೆ ನನಗೆ ಗೊತ್ತಿರೋದು ಅದು. ಮುಸ್ಲಿಂ ಮನೆಯಲ್ಲಿ ಹುಟ್ಟಿ ನಂಬಿಕೆ ಬಿಟ್ಟವರ ಪಾಡು ನನ್ನದಕ್ಕಿಂತ ಎಷ್ಟೋ ಕಷ್ಟ. ಕೊಯಮತ್ತೂರಿನ ಫಾರೂಕ್ ಅನ್ನುವ ಯುವಕನನ್ನು 2017ರಲ್ಲಿ ನಾಸ್ತಿಕನಾಗಿದ್ದಕ್ಕೇ ಕೊಂದರು. ಅಂಥವರ ಪರವಾಗಿ ನಿಲ್ಲೋದು ಒಂದು, ಅವರ ಹೆಸರು ಹಿಡಿದುಕೊಂಡು ಪಕ್ಕದ ಬೀದಿಯ ಮುಸ್ಲಿಮರನ್ನು ಬೈಯೋದು ಇನ್ನೊಂದು. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರೋದು ಎರಡನೆಯದು.

ಮೂಢನಂಬಿಕೆ ನಿಷೇಧ ಕಾನೂನು ಬಂತಲ್ಲ, ಖುಷಿನಾ?

ಅರ್ಧ ಖುಷಿ. 2017ರಲ್ಲಿ ಶಾಸನಸಭೆ ಒಪ್ಪಿತು, ಜಾರಿಗೆ ಬಂದಿದ್ದು 2020ರಲ್ಲಿ. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ, ಬೆತ್ತಲೆ ಸೇವೆ, ಮುಟ್ಟಾದ ಅಥವಾ ಬಾಣಂತಿ ಹೆಂಗಸರನ್ನು ಊರಾಚೆ ಇಡುವುದು, ಇವೆಲ್ಲ ಈಗ ಅಪರಾಧ. ಜ್ಯೋತಿಷ್ಯ, ವಾಸ್ತು ಮಾತ್ರ ಹೊರಗೇ ಉಳಿದವು. ಬಡವರ ಮೂಢನಂಬಿಕೆಗೆ ಕಾನೂನು, ದುಡ್ಡಿದ್ದವರದ್ದಕ್ಕೆ ಟಿವಿಯಲ್ಲಿ ಬೆಳಗಿನ ಕಾರ್ಯಕ್ರಮ. ಮಡೆಸ್ನಾನದ ವಿರುದ್ಧ ಗಟ್ಟಿಯಾಗಿ ಮಾತಾಡಿದವರಲ್ಲಿ ನಿಡುಮಾಮಿಡಿ ಮಠದ ಸ್ವಾಮೀಜಿ ಇದ್ದರು ಅನ್ನೋದನ್ನೂ ಹೇಳಬೇಕು, ಕಾವಿ ಕಂಡರೆ ಮೂಗು ಮುರಿಯುವ ನಮ್ಮವರಿಗಾಗಿ.

ಹೀಗೆ ಮಾತಾಡೋಕೆ ಭಯ ಆಗಲ್ವಾ?

ಪುಣೆಯಲ್ಲಿ ದಾಭೋಲ್ಕರ್ 2013ರಲ್ಲಿ, ಧಾರವಾಡದಲ್ಲಿ ಕಲಬುರ್ಗಿ 2015ರಲ್ಲಿ, ಬೆಂಗಳೂರಿನಲ್ಲಿ ಗೌರಿ ಲಂಕೇಶ್ 2017ರಲ್ಲಿ. ಗುಂಡು ಹಾರಿಸಿದರು. ಭಯ ಆಗುತ್ತದೆ.

ಮಕ್ಕಳಿಗೆ ಏನು ಹೇಳ್ತೀರಾ?

ಕಥೆಗಳನ್ನೆಲ್ಲ ಹೇಳುತ್ತೇನೆ. ರಾಮಾಯಣ, ಮಹಾಭಾರತ ಗೊತ್ತಿಲ್ಲದೆ ಕನ್ನಡ ಓದೋಕೆ ಆಗುತ್ತಾ? ಯಕ್ಷಗಾನ ನೋಡೋಕೆ ಆಗುತ್ತಾ? ನಿಜಾನಾ ಅಂತ ಕೇಳಿದರೆ, ಅಜ್ಜಿ ನಿಜ ಅಂತ ನಂಬಿದ್ದಾರೆ, ನಾನು ನಂಬಿಲ್ಲ, ನೀನು ದೊಡ್ಡವಳಾದ ಮೇಲೆ ಯೋಚನೆ ಮಾಡು ಅನ್ನುತ್ತೇನೆ. ಮಗಳು ಸದ್ಯಕ್ಕೆ ಪರೀಕ್ಷೆ ದಿನ ಗಣೇಶನಿಗೆ ಕೈ ಮುಗಿಯುತ್ತಾಳೆ, ಉಳಿದ ದಿನ ಇಲ್ಲ. ಅವಳಿಷ್ಟ.

ಸತ್ತ ಮೇಲೆ ಏನು ಮಾಡಬೇಕು ಅಂತ ಬರೆದಿಟ್ಟಿದ್ದೀರಾ?

ಕಣ್ಣು ಮೊದಲು. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು, ಫ್ಯಾನ್ ಆರಿಸಿ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ಇದಕ್ಕೆ ನಾಸ್ತಿಕರೇ ಆಗಬೇಕಿಲ್ಲ. ರಾಯರ ಭಕ್ತರಾಗಿದ್ದ ಡಾ. ರಾಜ್‌ಕುಮಾರ್ ಕಣ್ಣು 2006ರಲ್ಲಿ ದಾನವಾಯಿತು, 2021ರಲ್ಲಿ ಪುನೀತ್ ಅವರದ್ದೂ. ಪುನೀತ್ ಹೋದ ಮೇಲೆ ಕಣ್ಣು ಕೊಡುತ್ತೇವೆ ಅಂತ ಸಾಲುಗಟ್ಟಿ ಬಂದ ಜನರನ್ನು ನಾಸ್ತಿಕರ ಯಾವ ಭಾಷಣವೂ ಕರೆತಂದಿರಲಿಲ್ಲ.

ಆಮೇಲೆ ದೇಹ ಮೆಡಿಕಲ್ ಕಾಲೇಜಿಗೆ. ಅಂಗರಚನಾ ವಿಭಾಗದಲ್ಲಿ ಅರ್ಜಿ ಸಿಗುತ್ತದೆ, ಸಾಕ್ಷಿಗಳ ಸಹಿ ಬೇಕು. ಪೋಸ್ಟ್‌ಮಾರ್ಟಂ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನೀವು ಎಷ್ಟೇ ಬರೆದಿಟ್ಟಿದ್ದರೂ ಆ ಹೊತ್ತಿಗೆ ಮನೆಯವರು ಬೇಡ ಅಂದರೆ ಕಾಲೇಜಿನವರು ಬಲವಂತ ಮಾಡುವುದಿಲ್ಲ. ಆದ್ದರಿಂದ ಬರೆದಿಡುವುದಕ್ಕಿಂತ ಮನೆಯಲ್ಲಿ ಹೇಳಿ ಒಪ್ಪಿಸೋದು ಮುಖ್ಯ. ನಮ್ಮತ್ತೆ ಕಣ್ಣಿಗೆ ಒಪ್ಪಿದ್ದಾರೆ, ದೇಹಕ್ಕೆ ಇನ್ನೂ ಇಲ್ಲ. ಕರ್ಮಾಂತರ ಮಾಡದೆ ಬಿಟ್ಟರೆ ಜನ ಏನಂತಾರೆ ಅನ್ನೋದು ಅವರ ಚಿಂತೆ. ಅದಕ್ಕೆ ನಾನು, ಬೇಕಾದರೆ ಹನ್ನೊಂದನೇ ದಿನ ಊಟ ಹಾಕಿಸಿ, ಹೋಳಿಗೆ ಮಾತ್ರ ಚೆನ್ನಾಗಿರಲಿ ಅಂದಿದ್ದೇನೆ.